ಕುಡಿಯುವ ನೀರು ಮತ್ತು ಒಳಚರಂಡಿ ಸೇವೆಯಲ್ಲಿ ಸ್ಪರ್ಧೆ ಹಾಗೂ ನಿಯಂತ್ರಣ: ಮಂಗಳೂರಿನ ಅನುಭವ, ಗ್ರಾಮ ಪಂಚಾಯತ್‌ಗಳ ಹೊಣೆ

(ಗ್ರಾಮ ಪಂಚಾಯತ್ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಏಪ್ರಿಲ್ ತಿಂಗಳು ಕಾಲಿಟ್ಟೊಡನೆ ಮಂಗಳೂರಿನ ದಿನಪತ್ರಿಕೆಗಳಲ್ಲಿ ಒಂದು ಸಂಖ್ಯೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದು ನೇತ್ರಾವತಿಗೆ ಕಟ್ಟಿರುವ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ಉಳಿದಿರುವ ನೀರಿನ ಮಟ್ಟ. 6 ಮೀಟರ್ ಇದ್ದರೆ ನಗರ ನಿಶ್ಚಿಂತವಾಗಿರುತ್ತದೆ. ಮಟ್ಟ ಇಳಿಯತೊಡಗಿದಂತೆ ಸಭೆಗಳು ಆರಂಭವಾಗುತ್ತವೆ. ಇನ್ನೂ ಇಳಿದರೆ ಸರದಿಯ ಪ್ರಕಾರ ನೀರು ಬಿಡುವ ಪ್ರಕಟಣೆ ಹೊರಬೀಳುತ್ತದೆ. 2016, 2019 ಮತ್ತು 2023ರ ಬೇಸಿಗೆಗಳಲ್ಲಿ ನಗರವಾಸಿಗಳು ಇದನ್ನು ಅನುಭವಿಸಿದ್ದಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಅಧಿಕ ಮಳೆ ಬೀಳುವ ಜಿಲ್ಲೆಯಲ್ಲಿ ಹೀಗಾಗುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆದರೆ ಇಲ್ಲಿಯ ನದಿಗಳು ಗಿಡ್ಡ, ಇಳಿಜಾರು ಕಡಿದು; ನಾಲ್ಕು ತಿಂಗಳು ಸುರಿದ ನೀರು ನಿಲ್ಲದೆ ಸಮುದ್ರ ಸೇರುತ್ತದೆ.

ಇದೇ 6 ಮೀಟರನ್ನು ಅಣೆಕಟ್ಟಿನ ಆಚೆದಡದ ಸಜೀಪಮುನ್ನೂರಿನಂಥ ಗ್ರಾಮಗಳ ಕೃಷಿಕರು ಬೇರೆ ರೀತಿಯಲ್ಲಿ ಓದುತ್ತಾರೆ. ಹೊಸ ಅಣೆಕಟ್ಟಿನಲ್ಲಿ ನೀರಿನ ಮಟ್ಟವನ್ನು 5 ಮೀಟರಿನಿಂದ 6 ಮೀಟರಿಗೆ ಏರಿಸಿದಾಗ ಯಾರ ತೋಟ ಎಷ್ಟು ಮುಳುಗುತ್ತದೆ, ಪರಿಹಾರ ಯಾವಾಗ ಬರುತ್ತದೆ ಎಂಬುದು ಅವರ ಲೆಕ್ಕ. ನಗರಕ್ಕೆ ಭರವಸೆಯಾದ ಒಂದು ಮೀಟರ್ ನದಿಯ ದಂಡೆಯ ಗ್ರಾಮಕ್ಕೆ ಆತಂಕವಾಗುತ್ತದೆ. ನೀರಿನ ಸೇವೆಯಲ್ಲಿ ಸ್ಪರ್ಧೆ ಎಂಬ ಮಾತು ಬಂದಾಗ ಕಂಪನಿಗಳ ನಡುವಿನ ಸ್ಪರ್ಧೆಯಷ್ಟೇ ಮನಸ್ಸಿಗೆ ಬರುವುದು ಸಹಜ. ಈ ಜಿಲ್ಲೆಯಲ್ಲಿ ಅದಕ್ಕಿಂತ ಹಳೆಯ ಸ್ಪರ್ಧೆಯೊಂದು ನದಿಯಲ್ಲೇ ನಡೆಯುತ್ತಿದೆ. ಅದರ ವಿಚಾರ ಮುಂದೆ ಬರುತ್ತದೆ.

ಮೊದಲು ಕೊಳವೆಯ ಮಾತು. ಪೇಟೆಯಲ್ಲಿ ಅಕ್ಕಿ ಮಾರುವ ಹತ್ತು ಅಂಗಡಿಗಳಿದ್ದರೆ ಗ್ರಾಹಕನು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಲ್ಲನು. ಕೊಳವೆ ನೀರಿನಲ್ಲಿ ಅದು ಸಾಧ್ಯವಿಲ್ಲ. ನೀರಿನ ವೆಚ್ಚದ ಬಹುಪಾಲು ನೆಲದಡಿಯ ಕೊಳವೆಯಲ್ಲಿ, ಟ್ಯಾಂಕಿನಲ್ಲಿ, ಪಂಪಿನಲ್ಲಿ ಹೂತಿರುತ್ತದೆ. ಒಂದೇ ಬೀದಿಯಲ್ಲಿ ಇಬ್ಬರು ಕೊಳವೆ ಹಾಕಿದರೆ ವೆಚ್ಚ ಇಮ್ಮಡಿಯಾಗುತ್ತದೆ, ಗಿರಾಕಿಗಳು ಮಾತ್ರ ಅಷ್ಟೇ ಇರುತ್ತಾರೆ. ಈ ಪ್ರಯೋಗ ಲಂಡನ್ ನಗರದಲ್ಲಿ ನಡೆದುಹೋಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಖಾಸಗಿ ನೀರಿನ ಕಂಪನಿಗಳು ಒಂದೇ ಬೀದಿಯಲ್ಲಿ ಪೈಪೋಟಿಯಿಂದ ಕೊಳವೆ ಹಾಕಿ, ದರ ಇಳಿಸಿ, ಕೈಸುಟ್ಟುಕೊಂಡವು. 1817ರ ಹೊತ್ತಿಗೆ ಅವು ನಗರವನ್ನು ತಮ್ಮೊಳಗೆ ಹಂಚಿಕೊಂಡು ದರ ಏರಿಸಿದವು. ಸ್ಪರ್ಧೆ ಉಳಿದಿದ್ದ ದಕ್ಷಿಣ ಲಂಡನ್ನಿನ ಕೆಲವು ಬೀದಿಗಳಲ್ಲಿ ಎರಡು ಕಂಪನಿಗಳು ಅಕ್ಕಪಕ್ಕದ ಮನೆಗಳಿಗೆ ನೀರು ಕೊಡುತ್ತಿದ್ದವು. ಒಂದು ಕಂಪನಿ 1852ರಲ್ಲಿ ತನ್ನ ನೀರೆತ್ತುವ ಸ್ಥಳವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ ಸ್ಥಳಾಂತರಿಸಿತು. ಇನ್ನೊಂದು ನಗರದ ಕೊಳಚೆ ಸೇರುವಲ್ಲಿಯೇ ನೀರೆತ್ತುತ್ತ ಉಳಿಯಿತು. 1854ರ ಕಾಲರಾ ಸಮಯದಲ್ಲಿ ವೈದ್ಯ ಜಾನ್ ಸ್ನೋ ಮನೆಮನೆ ತಿರುಗಿ ಲೆಕ್ಕ ಹಾಕಿದಾಗ, ಪ್ರತಿ 10,000 ಮನೆಗಳಿಗೆ ಮೊದಲನೆಯ ಕಂಪನಿಯ ಗ್ರಾಹಕರಲ್ಲಿ 37 ಸಾವು, ಎರಡನೆಯದರಲ್ಲಿ 315 ಸಾವು ಸಂಭವಿಸಿದ್ದವು. ಅನೇಕ ಮನೆಯವರಿಗೆ ತಮ್ಮ ನಲ್ಲಿಗೆ ಯಾವ ಕಂಪನಿಯ ನೀರು ಬರುತ್ತದೆಂಬುದೇ ತಿಳಿದಿರಲಿಲ್ಲ. ಸ್ನೋ ನೀರಿನ ಉಪ್ಪಿನಂಶವನ್ನು ಪರೀಕ್ಷಿಸಿ ಕಂಡುಕೊಳ್ಳಬೇಕಾಯಿತು. ಆಯ್ಕೆಗೆ ಇಬ್ಬರಿದ್ದರೂ ನೀರಿನ ಗುಣವನ್ನು ಅಳೆದು ಪ್ರಕಟಿಸುವವರು ಯಾರೂ ಇಲ್ಲದಿದ್ದರೆ ಆ ಆಯ್ಕೆಯಿಂದ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಸಿಗುವುದು ಕಷ್ಟ.

ಹೀಗಾಗಿ ನೀರಿನಲ್ಲಿ ಸ್ಪರ್ಧೆಯನ್ನು ಕೊಳವೆಯೊಳಗೆ ಹುಡುಕದೆ ಟೆಂಡರಿನಲ್ಲಿ ಹುಡುಕುವ ವಿಚಾರ ಬೆಳೆಯಿತು. ಹಲವರು ಒಂದೇ ಬೀದಿಯಲ್ಲಿ ಕಾದಾಡುವ ಬದಲು, ಆ ಬೀದಿಯನ್ನು ನಿರ್ದಿಷ್ಟ ಅವಧಿಗೆ ನಿರ್ವಹಿಸುವ ಹಕ್ಕಿಗಾಗಿ ಕಾದಾಡಲಿ ಎಂಬುದು ಇದರ ತಿರುಳು. ಕರ್ನಾಟಕದಲ್ಲಿ ಈ ಮಾದರಿ ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡದ್ದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯಲ್ಲಿ. ವಿಶ್ವಬ್ಯಾಂಕಿನ ಸಾಲದಿಂದ ನಡೆದ ಆ ಯೋಜನೆಯಲ್ಲಿ ಆಯ್ದ ವಲಯಗಳ ನಿರ್ವಹಣೆ ಫ್ರಾನ್ಸ್ ಮೂಲದ ವಿಯೋಲಿಯಾ ಕಂಪನಿಯ ಪಾಲಿಗೆ ಬಂದಿತು. ಆ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಹರಿಯತೊಡಗಿದ್ದು ನಿಜ. ಅದೇ ಹುಬ್ಬಳ್ಳಿಯ ಉಳಿದ ಬಡಾವಣೆಗಳಲ್ಲಿ ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದುದೂ ಅಷ್ಟೇ ನಿಜ. ಇಡೀ ನಗರಕ್ಕೆ ವ್ಯವಸ್ಥೆ ವಿಸ್ತರಿಸುವ ಗುತ್ತಿಗೆ ಒಂದು ದಶಕಕ್ಕೂ ಹೆಚ್ಚು ಕಾಲದ ಬಳಿಕ ಬೇರೊಂದು ಕಂಪನಿಗೆ ಹೋಯಿತು. ಒಂದು ವಲಯದಲ್ಲಿ ಯಶಸ್ವಿಯಾದುದು ಪಕ್ಕದ ವಲಯಕ್ಕೆ ತಾನಾಗಿ ಹರಿಯುವುದಿಲ್ಲ. ಕೊಳವೆಗೆ ಇಳಿಜಾರಿದೆ, ಗುತ್ತಿಗೆಗೆ ಅಂಥ ಗುಣವಿಲ್ಲ.

ಮಂಗಳೂರಿನಲ್ಲಿ ಈಗ ಇರುವುದು ಜಲಸಿರಿ ಯೋಜನೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ, ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ಸಂಸ್ಥೆಯ ಮೂಲಕ, ಸುಮಾರು 792 ಕೋಟಿ ರೂಪಾಯಿ ವೆಚ್ಚದ ಗುತ್ತಿಗೆ ಸುಯೆಜ್ ಪ್ರಾಜೆಕ್ಟ್ಸ್ ಕಂಪನಿಗೆ ಲಭಿಸಿದೆ. ಕೊಳವೆ ಜಾಲ ಮತ್ತು ಮೇಲ್ಮಟ್ಟದ ಟ್ಯಾಂಕುಗಳನ್ನು ನಿರ್ಮಿಸಿ, ಬಳಿಕ 8 ವರ್ಷ ನಿರ್ವಹಿಸುವುದು ಗುತ್ತಿಗೆಯ ಸ್ವರೂಪ. ಕಾಮಗಾರಿ ಮೊದಲು ಎಣಿಸಿದ ಅವಧಿಯನ್ನು ಮೀರಿ ಮುಂದುವರಿದಿರುವುದು, ಅಗೆದ ರಸ್ತೆಗಳ ಕುರಿತ ದೂರುಗಳು ಸದಸ್ಯರಿಗೆ ಹೊಸತಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯಿದೆ. ಟೆಂಡರ್ ತೆರೆಯುವ ದಿನ ಸ್ಪರ್ಧೆ ಮುಗಿಯುತ್ತದೆ. ಅದರ ಮರುದಿನದಿಂದ ಗುತ್ತಿಗೆದಾರನು ಏಕಮಾತ್ರ ಸೇವಾದಾರನಾಗುತ್ತಾನೆ, ಪಾಲಿಕೆ ಏಕಮಾತ್ರ ಖರೀದಿದಾರನಾಗುತ್ತದೆ, ಮತ್ತು ಇಬ್ಬರ ನಡುವೆ ಉಳಿಯುವುದು ಒಪ್ಪಂದದ ಕಾಗದ ಮಾತ್ರ. ಆ ಕಾಗದದಲ್ಲಿ ಏನನ್ನು ಅಳೆಯಬೇಕೆಂದು ಬರೆದಿದೆಯೋ ಅದಷ್ಟೇ ದೊರೆಯುತ್ತದೆ.

ದರವನ್ನು ನಿಗದಿಪಡಿಸುವವರು ಯಾರು ಎಂಬ ಪ್ರಶ್ನೆಯೂ ಇದರೊಂದಿಗೆ ಬರುತ್ತದೆ. ವಿದ್ಯುತ್ತಿನಲ್ಲಿ 1999ರಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವಿದೆ. ಮೆಸ್ಕಾಂ ದರ ಏರಿಸಬೇಕಾದರೆ ಲೆಕ್ಕಪತ್ರ ಮುಂದಿಡಬೇಕು, ಸಾರ್ವಜನಿಕ ವಿಚಾರಣೆ ನಡೆಯಬೇಕು, ಆಕ್ಷೇಪಣೆಗೆ ಉತ್ತರಿಸಬೇಕು. ಕುಡಿಯುವ ನೀರಿಗೆ ರಾಜ್ಯದಲ್ಲಿ ಅಂಥ ಪ್ರತ್ಯೇಕ ಆಯೋಗವಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ 2005ರ ಕಾನೂನಿನನ್ವಯ ಪ್ರಾಧಿಕಾರವಿದ್ದರೂ ಅದು ಮುಖ್ಯವಾಗಿ ಸಗಟು ನೀರಿನ ಹಂಚಿಕೆ ಮತ್ತು ದರವನ್ನು ನೋಡಿಕೊಳ್ಳುತ್ತದೆ. ಮಂಗಳೂರಿನಲ್ಲಿ ನೀರಿನ ದರ ಏರಿದಾಗ ಜನ ವಿರೋಧಿಸಿದರು, ಬಳಿಕ ಅದನ್ನು ಇಳಿಸಲಾಯಿತು. ಜನಪ್ರತಿನಿಧಿಗಳು ಜನರ ಮಾತು ಕೇಳಿದ್ದು ಸರಿಯೇ. ಆದರೆ ಸಾವಿರ ಲೀಟರ್ ನೀರನ್ನು ತುಂಬೆಯಿಂದ ಮನೆಗೆ ತಲುಪಿಸಲು ಎಷ್ಟು ವೆಚ್ಚವಾಗುತ್ತದೆ, ಅದರಲ್ಲಿ ಸೋರಿಕೆಯ ಪಾಲೆಷ್ಟು ಎಂಬ ಲೆಕ್ಕ ಚರ್ಚೆಯ ನಡುವೆ ಮೇಲೆ ಬರಬೇಕಾದಷ್ಟು ಬರುವುದಿಲ್ಲ. ಲೆಕ್ಕವಿಲ್ಲದ ಕಡೆ ದರ ಏರಿಸುವುದೂ ಇಳಿಸುವುದೂ ಒಂದು ಬಗೆಯ ಊಹೆಯೇ.

ಇಂಗ್ಲೆಂಡಿನಲ್ಲಿ 1989ರಲ್ಲಿ ನೀರು ಮತ್ತು ಒಳಚರಂಡಿಯ ಹತ್ತು ಪ್ರಾದೇಶಿಕ ಮಂಡಳಿಗಳನ್ನು ಖಾಸಗಿಗೆ ವಹಿಸಿದಾಗ, ಆಫ್‌ವಾಟ್ ಎಂಬ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಿ ಐದು ವರ್ಷಕ್ಕೊಮ್ಮೆ ದರ ವಿಮರ್ಶೆಯ ಪದ್ಧತಿ ತಂದರು. ಕೊಳವೆಯಲ್ಲಿ ಸ್ಪರ್ಧೆ ಸಾಧ್ಯವಿಲ್ಲದ ಕಾರಣ ಅಂಕಿಅಂಶಗಳ ನಡುವೆ ಸ್ಪರ್ಧೆ ಏರ್ಪಡಿಸುವುದು ಅದರ ಉಪಾಯ: ಒಂದು ಕಂಪನಿಯ ಸೋರಿಕೆ, ವೆಚ್ಚ, ದೂರುಗಳನ್ನು ಇನ್ನೊಂದರ ಪಕ್ಕದಲ್ಲಿಟ್ಟು ಪ್ರಕಟಿಸುವುದು. 2017ರಿಂದ ಅಲ್ಲಿ ವ್ಯಾಪಾರಿ ಗ್ರಾಹಕರಿಗೆ ಬಿಲ್ ನೀಡುವ ಕಂಪನಿಯನ್ನು ಬದಲಿಸುವ ಅವಕಾಶವಿದೆ. ಮನೆಗಳಿಗೆ ಇಲ್ಲ, ಕೊಳವೆಯಂತೂ ಒಂದೇ. ಇಷ್ಟೆಲ್ಲ ನಿಯಂತ್ರಣವಿದ್ದೂ ಅಲ್ಲಿಯ ನದಿಗಳಿಗೆ ಕೊಳಚೆ ಬಿಡುವುದು ನಿಂತಿಲ್ಲ, ಲಂಡನ್ನಿನ ಕಂಪನಿ ಸಾಲದಲ್ಲಿ ಮುಳುಗಿದೆ. ಪ್ಯಾರಿಸ್ ನಗರ 2010ರಲ್ಲಿ ನೀರಿನ ಸೇವೆಯನ್ನು ಖಾಸಗಿಯವರಿಂದ ಮರಳಿ ಪಡೆಯಿತು. ಖಾಸಗಿಯೋ ಸರ್ಕಾರಿಯೋ ಎಂಬ ವಾದದಲ್ಲೇ ಸಭೆಗಳು ಮುಗಿದುಹೋಗುತ್ತವೆ. ಮೀಟರ್ ಓದಿದವರು ಯಾರು ಎಂದು ಕೇಳುವವರು ಕಡಿಮೆ.

ಇನ್ನು ನದಿಯಲ್ಲಿ ನಡೆಯುವ ಸ್ಪರ್ಧೆ. ತುಂಬೆಯಿಂದ ನಗರಕ್ಕೆ ದಿನವೊಂದಕ್ಕೆ ಸುಮಾರು 160 ದಶಲಕ್ಷ ಲೀಟರ್ ನೀರು ಹೋಗುತ್ತದೆ. ಉಳ್ಳಾಲ, ಮೂಲ್ಕಿಗಳೂ ಇದೇ ಮೂಲವನ್ನು ಅವಲಂಬಿಸಿವೆ. ತುಂಬೆಯ ಮೇಲ್ಭಾಗದಲ್ಲಿ ಶಂಭೂರಿನಲ್ಲಿ ಎಎಂಆರ್ ಕಂಪನಿಯ ಜಲವಿದ್ಯುತ್ ಅಣೆಕಟ್ಟು ಇದೆ. ಅದರ ಮೇಲೆ ಸರಪಾಡಿಯಲ್ಲಿ ಎಂಆರ್‌ಪಿಎಲ್ ನೀರೆತ್ತುತ್ತದೆ. ಇವುಗಳ ನಡುನಡುವೆ ಎರಡೂ ದಂಡೆಗಳಲ್ಲಿ ಅಡಿಕೆ, ತೆಂಗಿನ ತೋಟಗಳ ಪಂಪುಗಳು. ಜೂನ್‌ನಿಂದ ಡಿಸೆಂಬರ್‌ವರೆಗೆ ಯಾರಿಗೂ ಯಾರ ಮೇಲೂ ದೂರಿಲ್ಲ. ಏಪ್ರಿಲ್ ಬಂದಾಗ ಶಂಭೂರಿನಿಂದ ತುಂಬೆಗೆ ನೀರು ಬಿಡಿಸಬೇಕಾಗುತ್ತದೆ, ಕೃಷಿ ಪಂಪುಗಳಿಗೆ ನಿರ್ಬಂಧ ಹೇರಿದ ಸಂದರ್ಭಗಳೂ ಇವೆ. ಇದೂ ನಿಯಂತ್ರಣವೇ. ಆದರೆ ಕೊನೆಯ ಗಳಿಗೆಯಲ್ಲಿ ಆದೇಶದ ರೂಪದಲ್ಲಿ ಬರುವ ನಿಯಂತ್ರಣ. ಅದರ ಭಾರ ಮೊದಲು ಬೀಳುವುದು ಕೃಷಿಕನ ಮೇಲೆ. ಯಾವ ಮಟ್ಟಕ್ಕೆ ಇಳಿದಾಗ ಯಾರು ಎಷ್ಟು ಕಡಿತಗೊಳಿಸಬೇಕೆಂದು ನವೆಂಬರಿನಲ್ಲೇ, ನೀರು ತುಂಬಿರುವಾಗಲೇ, ದಂಡೆಯ ಪಂಚಾಯತ್‌ಗಳ ಸಮಕ್ಷಮದಲ್ಲಿ ನಿಶ್ಚಯವಾದರೆ ಏಪ್ರಿಲಿನ ಆದೇಶಕ್ಕೆ ಯಾರೂ ಬೆಚ್ಚಿಬೀಳಬೇಕಾಗಿಲ್ಲ. ನದಿ ದಂಡೆಯ ಪಂಚಾಯತ್‌ಗಳ ಸದಸ್ಯರು ಈ ಬೇಡಿಕೆಯನ್ನು ಸಾಮಾನ್ಯ ಸಭೆಯ ನಿರ್ಣಯವಾಗಿ ಕಳುಹಿಸಲು ಯಾವ ಅಡ್ಡಿಯೂ ಇಲ್ಲ.

ಒಳಚರಂಡಿಯ ವಿಚಾರದಲ್ಲಿ ಸ್ಪರ್ಧೆಯ ಮುಖ ತಿರುವುಮುರುವಾಗುತ್ತದೆ. ನೀರು ಬರದಿದ್ದರೆ ಗ್ರಾಹಕನು ದೂರುತ್ತಾನೆ. ಕೊಳಚೆ ಮನೆಯಿಂದ ಹೊರಟಿತೆಂದರೆ ಅವನಿಗೆ ತೃಪ್ತಿ, ಅದು ಎಲ್ಲಿಗೆ ಹೋಯಿತೆಂಬುದು ಕೆಳಗಿನವರ ತೊಂದರೆ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಆರಂಭವಾದ ಕರಾವಳಿ ಪರಿಸರ ನಿರ್ವಹಣಾ ಯೋಜನೆಯಲ್ಲಿ ಮಂಗಳೂರು ಸೇರಿ 10 ಪಟ್ಟಣಗಳಿಗೆ ನೀರು, ಒಳಚರಂಡಿ ಕಾಮಗಾರಿಗಳು ನಡೆದವು. ಕಾವೂರು, ಬಜಾಲ್, ಸುರತ್ಕಲ್ ಕಡೆಗಳಲ್ಲಿ ಶುದ್ಧೀಕರಣ ಘಟಕಗಳಿವೆ. ಕಾವೂರಿನ ಸಂಸ್ಕರಿತ ನೀರನ್ನು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗೆ ಬಳಸುವ ಏರ್ಪಾಡು ಒಳ್ಳೆಯ ಮಾದರಿ, ಏಕೆಂದರೆ ಕೈಗಾರಿಕೆ ಬಳಸಿದ ಪ್ರತಿ ಲೀಟರ್ ಸಂಸ್ಕರಿತ ನೀರು ನದಿಯಿಂದ ಎತ್ತದ ಒಂದು ಲೀಟರ್. ಆದರೆ ಮಂಗಳೂರು ಗುಡ್ಡ ತಗ್ಗುಗಳ ಊರು. ಇಳಿಜಾರಿನಲ್ಲಿ ತಾನಾಗಿ ಹರಿಯದ ಕೊಳಚೆಯನ್ನು ಗುಂಡಿಗಳಲ್ಲಿ ಸಂಗ್ರಹಿಸಿ ಪಂಪಿನಿಂದ ಎತ್ತಬೇಕು. ಪಂಪು ನಿಂತರೆ ಅದು ಮಳೆನೀರಿನ ತೋಡಿಗೆ ಸೇರುತ್ತದೆ, ತೋಡು ಪಾಲಿಕೆಯ ಗಡಿಯಲ್ಲಿ ನಿಲ್ಲುವುದಿಲ್ಲ.

ನಗರದ ಅಂಚಿನ ಪಂಚಾಯತ್‌ಗಳಲ್ಲಿ ಒಳಚರಂಡಿ ಇಲ್ಲ. ವಸತಿ ಸಮುಚ್ಚಯಗಳಿವೆ, ಅವುಗಳ ಗುಂಡಿಗಳನ್ನು ಖಾಲಿ ಮಾಡುವ ಟ್ಯಾಂಕರುಗಳಿವೆ. ನೀರು-ನೈರ್ಮಲ್ಯ ಕ್ಷೇತ್ರದಲ್ಲಿ ನಿಜವಾದ, ಕಡಿವಾಣವಿಲ್ಲದ ಪೈಪೋಟಿ ಇರುವುದು ಈ ಟ್ಯಾಂಕರ್ ವ್ಯವಹಾರದಲ್ಲಿ. ಇಲ್ಲಿ ಅತಿ ಕಡಿಮೆ ದರ ಹೇಳಬಲ್ಲವನು ಯಾರು? ಅತಿ ಸಮೀಪದ ಹಳ್ಳಕ್ಕೆ ಸುರಿಯುವವನು. ಶುದ್ಧೀಕರಣ ಘಟಕದವರೆಗೆ ಡೀಸೆಲ್ ಸುಟ್ಟುಕೊಂಡು ಹೋಗುವ ಪ್ರಾಮಾಣಿಕನು ಬಾಡಿಗೆಯಲ್ಲಿ ಸೋಲುತ್ತಾನೆ. ಈ ಜಿಲ್ಲೆಯ ಮುರಕಲ್ಲಿನ ನೆಲ ರಂಧ್ರಮಯ. ಸುರಿದದ್ದು ಬಾವಿ ಸೇರಲು ಹೆಚ್ಚು ದಿನ ಬೇಡ. ಪಂಚಾಯತ್ ಮಾಡಬಹುದಾದ ನಿಯಂತ್ರಣ ಸರಳವಾದುದು: ತನ್ನ ವ್ಯಾಪ್ತಿಯಲ್ಲಿ ಕೆಲಸ ಮಾಡುವ ಟ್ಯಾಂಕರುಗಳ ನೋಂದಣಿ, ಪ್ರತಿ ಸುತ್ತಿಗೆ ಮನೆಯವರ ಮತ್ತು ಘಟಕದವರ ಸಹಿ ಇರುವ ಚೀಟಿ, ಚೀಟಿ ತೋರಿಸದ ವಾಹನಕ್ಕೆ ದಂಡ. ಘಟಕವೇ ದೂರವಿದ್ದರೆ ಹಲವು ಪಂಚಾಯತ್‌ಗಳು ಸೇರಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಸ್ಥಾಪಿಸಬಹುದು. 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಪುಟ್ಟ ಘಟಕ ದೇಶಕ್ಕೇ ಮಾದರಿಯಾಯಿತು. ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಕಡಿಮೆ ದರಕ್ಕೆ ಒಪ್ಪಿಕೊಂಡವನು ಯಂತ್ರದ ಬದಲು ಮನುಷ್ಯನನ್ನು ಇಳಿಸುತ್ತಿದ್ದಾನೆಯೇ ಎಂದು ಆಯಾ ವಾರ್ಡಿನ ಸದಸ್ಯರು ಸ್ವತಃ ನೋಡಬೇಕು.

ಗ್ರಾಮದ ಕುಡಿಯುವ ನೀರಿನ ವಿಚಾರಕ್ಕೆ ಬಂದರೆ, ಮೇಲೆ ಹೇಳಿದ ಎಲ್ಲ ಪಾತ್ರಗಳೂ ಒಂದೇ ಮೇಜಿನ ಸುತ್ತ ಕುಳಿತಿರುತ್ತವೆ. ಕೊಳವೆಯ ಒಡೆಯ ಪಂಚಾಯತ್, ನೀರು ಬಿಡುವವರನ್ನು ನೇಮಿಸುವುದು ಪಂಚಾಯತ್, ದರ ಇಡುವುದು ಪಂಚಾಯತ್, ದೂರು ಕೇಳುವುದೂ ಪಂಚಾಯತ್. 1993ರ ಪಂಚಾಯತ್ ರಾಜ್ ಅಧಿನಿಯಮದ 58ನೇ ಪ್ರಕರಣವು ನೀರು ಸರಬರಾಜು ವ್ಯವಸ್ಥೆಯನ್ನು ಪಂಚಾಯತ್ ಸ್ವತಃ ಅಥವಾ ವಾರ್ಷಿಕ ಗುತ್ತಿಗೆಯ ಮೂಲಕ, ಸಾಕಷ್ಟು ಸಂಪನ್ಮೂಲ ಕ್ರೋಡೀಕರಿಸಿ, ನಿರ್ವಹಿಸಬೇಕೆನ್ನುತ್ತದೆ. ದರಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕೆಂದೂ ಹೇಳುತ್ತದೆ. ಮಂಗಳೂರಿನ ಗುತ್ತಿಗೆಯ ನಿರ್ವಹಣಾ ಅವಧಿ 8 ವರ್ಷವಾದರೆ ಗ್ರಾಮದ್ದು ಒಂದು ವರ್ಷ. ಅಂದರೆ ಸ್ಪರ್ಧೆ ಪ್ರತಿ ವರ್ಷ ಮರುಕಳಿಸುವ ಅವಕಾಶ ಗ್ರಾಮಕ್ಕಿದೆ. ಕಳೆದ ವರ್ಷದ ಷರತ್ತುಗಳನ್ನೇ ತಾರೀಕು ತಿದ್ದಿ ನವೀಕರಿಸಿದರೆ ಆ ಅವಕಾಶ ಕಾಗದದಲ್ಲೇ ಉಳಿಯುತ್ತದೆ.

ಕರಾವಳಿಯ ಗ್ರಾಮಗಳಲ್ಲಿ ನಲ್ಲಿಗೆ ಒಂದು ಪ್ರತಿಸ್ಪರ್ಧಿಯೂ ಉಂಟು: ಅಂಗಳದ ಬಾವಿ. ಬಾವಿಯಿರುವ ಮನೆಯವರು ನೀರಿನ ಶುಲ್ಕ ಕಟ್ಟಲು ಒಪ್ಪುವುದಿಲ್ಲ. ಒಂಬತ್ತು ತಿಂಗಳು ಅವರಿಗೆ ನಲ್ಲಿ ಬೇಡ. ಮಾರ್ಚಿನಲ್ಲಿ ಬಾವಿ ಬತ್ತಿದೊಡನೆ ಎಲ್ಲರಿಗೂ ಒಟ್ಟಿಗೆ ನಲ್ಲಿಯೇ ಬೇಕು. ಪಂಪು, ಟ್ಯಾಂಕು, ಕೊಳವೆ ಇವುಗಳನ್ನು ಆ ಮೂರು ತಿಂಗಳ ಬೇಡಿಕೆಗೆ ತಕ್ಕಂತೆ ಕಟ್ಟಿ, ವೆಚ್ಚವನ್ನು ಹನ್ನೆರಡು ತಿಂಗಳೂ ಭರಿಸಬೇಕು. ಆದ್ದರಿಂದ ಬಳಸಿದ ನೀರಿಗೆ ಒಂದು ದರ, ಸಂಪರ್ಕಕ್ಕೆ ಒಂದು ಸಣ್ಣ ಮಾಸಿಕ ಶುಲ್ಕ ಎಂದು ಎರಡು ಭಾಗ ಮಾಡುವುದು ಇಲ್ಲಿಗೆ ಹೊಂದುವ ಕ್ರಮ. ಬಾವಿಯವರಿಗೆ ಇದು ರುಚಿಸದು. ಗ್ರಾಮಸಭೆಯಲ್ಲಿ ಲೆಕ್ಕ ತೋರಿಸಿದರೆ ಒಪ್ಪುವವರೂ ಇದ್ದಾರೆ.

ಲೆಕ್ಕ ಕಷ್ಟದ್ದೇನಲ್ಲ. ಜಲ ಜೀವನ್ ಮಿಷನ್ ನಿಗದಿಪಡಿಸಿದ ಪ್ರಮಾಣ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. 1,000 ಮನೆಗಳಿಗೆ 2,75,000 ಲೀಟರ್. ಕೊಳವೆಯಲ್ಲಿ ನಾಲ್ಕರಲ್ಲಿ ಒಂದು ಪಾಲು ಸೋರುತ್ತದೆ ಎಂದಿಟ್ಟುಕೊಂಡರೆ ಮೂಲದಿಂದ ಸುಮಾರು 3,67,000 ಲೀಟರ್ ಬರಬೇಕು. ಸೋರಿದ್ದು ದಿನಕ್ಕೆ 92,000 ಲೀಟರ್. ಅದನ್ನು 60 ಮೀಟರ್ ಎತ್ತರದ ಗುಡ್ಡದ ಟ್ಯಾಂಕಿಗೆ ಏರಿಸಲು, ಶೇಕಡ 60 ದಕ್ಷತೆಯ ಪಂಪಿನಲ್ಲಿ, ದಿನಕ್ಕೆ 25 ಯೂನಿಟ್ ವಿದ್ಯುತ್ ಬೇಕು. ವರ್ಷಕ್ಕೆ 9,000 ಯೂನಿಟ್‌ಗೂ ಮೇಲೆ. ಯಾರ ಕೊಡವನ್ನೂ ತುಂಬದ ನೀರಿಗೆ ಪಂಚಾಯತ್ ಕಟ್ಟುವ ಬಿಲ್ ಇದು. ಬಹುಗ್ರಾಮ ಯೋಜನೆಯಿಂದ ಅಥವಾ ನಗರದ ಕೊಳವೆಯಿಂದ ಸಗಟಾಗಿ ನೀರು ಕೊಳ್ಳುವ ಪಂಚಾಯತ್‌ಗೆ ವಿದ್ಯುತ್ತಿನ ಜೊತೆ ನೀರಿನ ಬೆಲೆಯೂ ಸೇರುತ್ತದೆ: ಸಾವಿರ ಲೀಟರಿಗೆ 10 ರೂಪಾಯಿ ಎಂದು ಭಾವಿಸಿದರೂ ವರ್ಷಕ್ಕೆ 3.3 ಲಕ್ಷ ರೂಪಾಯಿ. ಗ್ರಾಮದ ಗಡಿಯಲ್ಲಿ ನೀರು ಒಳಬರುವ ಜಾಗದಲ್ಲಿ ಒಂದು ಸಗಟು ಮೀಟರ್ ಇಲ್ಲದಿದ್ದರೆ, ಬಂದ ನೀರೆಷ್ಟು ಎಂಬುದಕ್ಕೆ ಕೊಡುವವನ ಮಾತೇ ಪ್ರಮಾಣ. ಹೀಗೆ ಮಾರುವವನ ತಕ್ಕಡಿಯನ್ನೇ ನಂಬಿ ಯಾರೂ ಅಡಿಕೆ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ.

ಹದಿನೈದನೇ ಹಣಕಾಸು ಆಯೋಗವು ನಿರ್ಬಂಧಿತ ಅನುದಾನವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿರಿಸಿತ್ತು. ಇಂಥ ಅನುದಾನ ಹೊಸ ಕೊಳವೆ ಬಾವಿಗೆ ಹೋಗುವಷ್ಟು ಸುಲಭವಾಗಿ ಮೀಟರಿಗೆ ಹೋಗುವುದಿಲ್ಲ. ಬಾವಿ ಕೊರೆಯುವಾಗ ಜನ ಸೇರುತ್ತಾರೆ, ಮೀಟರ್ ಕೂರಿಸುವಾಗ ಯಾರೂ ಬರುವುದಿಲ್ಲ.

ಮೀಟರ್ ಬಂದ ಮೇಲೆ ಪಂಚಾಯತ್‌ಗಳ ನಡುವೆ ಹೋಲಿಕೆ ಸಾಧ್ಯವಾಗುತ್ತದೆ. ಒಳಬಂದ ನೀರು, ಮನೆಗಳಲ್ಲಿ ಅಳತೆಯಾದ ನೀರು, ವಸೂಲಾದ ಶುಲ್ಕ, ಪರೀಕ್ಷೆಯಲ್ಲಿ ವಿಫಲವಾದ ಮಾದರಿಗಳು: ಇಷ್ಟನ್ನು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ತಿಂಗಳಿಗೊಮ್ಮೆ ಪಂಚಾಯತ್ ಕಚೇರಿಯ ಫಲಕದಲ್ಲಿ ಬರೆಯಬಹುದು, ತಾಲೂಕಿನ ಎಲ್ಲ ಪಂಚಾಯತ್‌ಗಳ ಅಂಕಿಗಳನ್ನು ಅಕ್ಕಪಕ್ಕ ಮುದ್ರಿಸಲು ಇದೇ ಸುತ್ತೋಲೆಯ ಒಂದು ಪುಟ ಸಾಕು. ನೆರೆಯ ಪಂಚಾಯತ್ ಸೋರಿಕೆಯನ್ನು ಅರ್ಧಕ್ಕೆ ಇಳಿಸಿದ್ದು ಅಚ್ಚಾಗಿ ಕಂಡಾಗ ಮುಂದಿನ ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಕೇಳಲು ಸದಸ್ಯರಿಗೆ ಬೇರೆ ಆಧಾರ ಬೇಕಿಲ್ಲ.

ನಿರ್ವಹಣೆಯ ವಾರ್ಷಿಕ ಗುತ್ತಿಗೆಗಳು ಮಾರ್ಚ್ ಕೊನೆಗೆ ಮುಗಿಯುವ ಪಂಚಾಯತ್‌ಗಳಲ್ಲಿ ಹೊಸ ಷರತ್ತುಗಳ ಕರಡು ಜನವರಿಯ ಸಭೆಯಲ್ಲೇ ಮಂಡನೆಯಾಗಬೇಕು. ಆ ಕರಡಿನಲ್ಲಿ ನೀರು ಬಿಡುವ ಗಂಟೆಗಳು, ಒಡೆದ ಕೊಳವೆಯನ್ನು ಸರಿಪಡಿಸಬೇಕಾದ ಅವಧಿ, ಮೀಟರ್ ಓದುವ ದಿನ ಮತ್ತು ತಪ್ಪಿದರೆ ಬಿಲ್ಲಿನಿಂದ ಕಡಿತವಾಗುವ ಮೊತ್ತ ಇವೆಯೇ ಎಂದು ಸಹಿ ಹಾಕುವ ಮೊದಲು ಸದಸ್ಯರು ಓದಿ ನೋಡುವುದು.